ಪದವಿಯ ಬೆಲೆಯೆಷ್ಟು, ಕಾಯುವಿಕೆಯ ಬೆಲೆಯೆಷ್ಟು?

ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆಳಂದದಲ್ಲಾಗಲಿ, ಭೀಮಾ ನದಿ ಹರಿಯುವ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಲ್ಲಾಗಲಿ ಆ ಪ್ರಶ್ನೆಯ ಧಾಟಿ ಒಂದೇ: “ಬಿ.ಎ. ಮಾಡಿದರೆ ಏನು ಸಿಗುತ್ತದೆ?” ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇಲ್ಲವೇ ಸಮಾಜಶಾಸ್ತ್ರ, ಇತಿಹಾಸ, ಉರ್ದು. ಹೀಗೆ ಮೂರು ಕಡೆಗಳಿಂದ ಮೂರು ವಿಷಯಗಳನ್ನು ತಂದು ಜೋಡಿಸಿದ ಪದವಿಯನ್ನು ತಂದೆಯಾದವನು ಅನುಮಾನದಿಂದ ನೋಡುತ್ತಾನೆ. ವೈದ್ಯಕೀಯ ಪದವಿಯ ಬೆಲೆ ಅವನಿಗೆ ಗೊತ್ತು. ಗ್ಯಾರೇಜಿನ ಕೆಲಸದ ಬೆಲೆಯೂ ಗೊತ್ತು. ಹಲವು ಶಾಸ್ತ್ರಗಳನ್ನು ಬೆರೆಸಿದ ಈ ಪದವಿಯ ಬೆಲೆಯನ್ನು ಮಾತ್ರ ಅವನಿಗೆ ಯಾರೂ ತಿಳಿಸಿಲ್ಲ.

ಇಂತಹ ಪ್ರಶ್ನೆ ಕೇಳುವ ತಂದೆಯನ್ನು ಅಜ್ಞಾನಿಯೆಂದು ಜರೆಯುವ ಪರಿಪಾಠ ನಮ್ಮ ವಿದ್ಯಾವಂತರಲ್ಲಿದೆ. ಅದಕ್ಕೆ ನಮ್ಮ ಸಹಮತವಿಲ್ಲ. ಮಗನ ದಿನಗೂಲಿಯನ್ನು ಬಿಟ್ಟುಕೊಟ್ಟು ಅವನನ್ನು ಕಾಲೇಜಿಗೆ ಕಳುಹಿಸುವವನಿಗೆ ಲೆಕ್ಕ ಕೇಳುವ ಸಂಪೂರ್ಣ ಹಕ್ಕಿದೆ. ನಮ್ಮ ತಕರಾರು ಇರುವುದು ಬೇರೆಡೆ. ಈ ಪ್ರಶ್ನೆಯನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಶುಲ್ಕ ಎಷ್ಟೆಂದು ಕೇಳುತ್ತೇವೆ, ವರ್ಷಗಳು ಎಷ್ಟೆಂದು ಕೇಳುವುದಿಲ್ಲ. ಸಂಬಳ ಎಷ್ಟೆಂದು ಕೇಳುತ್ತೇವೆ, ಅದು ಯಾವಾಗ ಕೈಗೆ ಬರುತ್ತದೆಂದು ಕೇಳುವುದಿಲ್ಲ. ಮಗನ ವಿಷಯದಲ್ಲಿ ಕೇಳುತ್ತೇವೆ, ಮಗಳ ವಿಷಯದಲ್ಲಿ ಕೇಳುವುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಉತ್ತರಿಸಬೇಕಾದ ಕಾಲೇಜನ್ನೂ ಸರಕಾರವನ್ನೂ ಬಿಟ್ಟು ಹದಿನೆಂಟರ ಹುಡುಗನನ್ನು ಕೇಳುತ್ತೇವೆ!

ನೀತಿಗಳ ಹಗ್ಗಜಗ್ಗಾಟ

ಸರಕಾರಗಳೇ ಈ ಪದವಿಯ ರೂಪವನ್ನು ನಿರ್ಧರಿಸಲಾಗದೆ ತೊಳಲಾಡಿದ್ದನ್ನು ಮೊದಲು ನೆನಪಿಸಬೇಕಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೊಳಿಸಿದ ರಾಜ್ಯ ತಾನೆಂಬ ಹೆಮ್ಮೆಯೊಂದಿಗೆ ಕರ್ನಾಟಕವು 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಬಹುಶಿಸ್ತೀಯ ಅಧ್ಯಯನ ಎಂಬುದು ಅದರ ಮಂತ್ರವಾಗಿತ್ತು. ಕಲಾ ವಿಭಾಗದವನು ವಿಜ್ಞಾನದ ವಿಷಯವನ್ನೂ ವಿಜ್ಞಾನದವಳು ಸಮಾಜಶಾಸ್ತ್ರವನ್ನೂ ಮುಕ್ತ ಆಯ್ಕೆಯಾಗಿ ಓದಬಹುದು. ಒಂದು ವರ್ಷಕ್ಕೆ ನಿಲ್ಲಿಸಿದರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ, ನಾಲ್ಕು ವರ್ಷಕ್ಕೆ ಆನರ್ಸ್ ಎಂದು ಹೇಳಲಾಯಿತು. ಕೇಳಲು ಸೊಗಸಾಗಿಯೇ ಇತ್ತು. ಆದರೆ ಇಬ್ಬರು ಮೂವರು ಅಧ್ಯಾಪಕರಿರುವ ವಿಭಾಗಗಳನ್ನು ಅತಿಥಿ ಉಪನ್ಯಾಸಕರ ಬಲದಿಂದ ನಡೆಸುವ ತಾಲೂಕು ಕಾಲೇಜಿನಲ್ಲಿ ‘ಮುಕ್ತ ಆಯ್ಕೆ’ ಎಂದರೆ ಏನು? ಅಲ್ಲಿ ಯಾವ ಉಪನ್ಯಾಸಕರು ಲಭ್ಯವಿದ್ದಾರೋ ಅವರ ವಿಷಯವೇ ವಿದ್ಯಾರ್ಥಿಯ ಆಯ್ಕೆ!

ಸರಕಾರ ಬದಲಾಯಿತು. 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಹೊರಬಿದ್ದ ಆದೇಶದಂತೆ 2024-25ರ ಸಾಲಿನಿಂದ ಮೂರು ವರ್ಷಗಳ ಪದವಿಯೂ ಮೂರು ಪ್ರಧಾನ ವಿಷಯಗಳ ಪದ್ಧತಿಯೂ ಮರಳಿ ಬಂದವು. ನಡುವೆ ಸೇರಿದ ಮೂರು ತಂಡಗಳ ಮಕ್ಕಳು ಒಂದು ಪ್ರಯೋಗದ ಒಳಗೆ ಪ್ರವೇಶಿಸಿ ಅದರ ಅಂತ್ಯವನ್ನು ಕಂಡು ಹೊರಬಂದರು. ಯಾವ ಪಕ್ಷದ ನೀತಿ ಉತ್ತಮ ಎಂಬ ವಾದಕ್ಕೆ ನಾವಿಲ್ಲಿ ಇಳಿಯುವುದಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಎರಡೂ ಸಲ ಬೆಂಗಳೂರಿನಲ್ಲಿ ನಡೆದ ಚರ್ಚೆಯಲ್ಲಿ, ಈ ಪದವಿಯನ್ನು ಪಡೆದ ಜೇವರ್ಗಿಯ ಹುಡುಗನೊಬ್ಬ ಎಷ್ಟು ವರ್ಷಗಳಲ್ಲಿ ತನ್ನ ಕುಟುಂಬಕ್ಕೆ ಆಸರೆಯಾಗುತ್ತಾನೆ ಎಂಬ ಲೆಕ್ಕವನ್ನು ಯಾರಾದರೂ ಮಂಡಿಸಿದರೇ?

ಶುಲ್ಕವಲ್ಲ, ವರ್ಷಗಳು

ಅವರು ಮಂಡಿಸದ ಲೆಕ್ಕವನ್ನು ನಾವೇ ಮಾಡಿ ನೋಡೋಣ. ಇದು ಉದಾಹರಣೆಗಾಗಿ ಇಟ್ಟುಕೊಂಡ ಸರಳ ಲೆಕ್ಕ. ಪ್ರತಿಯೊಬ್ಬರೂ ತಮ್ಮ ಮನೆಯ ಅಂಕಿಗಳನ್ನು ಹಾಕಿ ನೋಡಬಹುದು. ಹುಡುಗನೊಬ್ಬ ದಿನಕ್ಕೆ 300 ರೂಪಾಯಿಯಂತೆ ತಿಂಗಳಿಗೆ 25 ದಿನ ದುಡಿಯಬಲ್ಲನೆಂದು ಭಾವಿಸೋಣ. ವರ್ಷಕ್ಕೆ 90,000 ರೂಪಾಯಿಯಾಯಿತು. ಪದವಿಗಾಗಿ ಅವನು ಮೂರು ವರ್ಷ ಇದನ್ನು ಬಿಟ್ಟುಕೊಟ್ಟರೆ 2,70,000 ರೂಪಾಯಿ. ಕಾಲೇಜಿನ ಶುಲ್ಕ, ಪುಸ್ತಕ, ಬಸ್ಸು ಎಲ್ಲ ಸೇರಿ ವರ್ಷಕ್ಕೆ 15,000 ಎಂದರೂ ಮೂರು ವರ್ಷಕ್ಕೆ 45,000. ಅಂದರೆ ನಾವು ಗಟ್ಟಿಯಾಗಿ ಚರ್ಚಿಸುವ ಖರ್ಚಿನ ಆರು ಪಟ್ಟು ಹಣ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಒಟ್ಟು 3,15,000 ರೂಪಾಯಿ.

ಪದವೀಧರನಾದ ಬಳಿಕ ಅವನಿಗೆ, ಓದದಿದ್ದರೆ ಸಿಗುತ್ತಿದ್ದುದಕ್ಕಿಂತ ತಿಂಗಳಿಗೆ 8,000 ರೂಪಾಯಿ ಹೆಚ್ಚು ಸಂಬಳದ ನೌಕರಿ ತಕ್ಷಣ ಸಿಕ್ಕಿತೆನ್ನೋಣ. ಮೂರು ವರ್ಷ ಮೂರು ತಿಂಗಳಲ್ಲಿ ಆ ಹಣ ಮರಳುತ್ತದೆ. ಅದೇ ನೌಕರಿಗಾಗಿ ಅವನು ಎರಡು ವರ್ಷ ಕೈಕಟ್ಟಿ ಕಾದರೆ? ಇನ್ನೂ 1,80,000 ಕಳೆದುಹೋಯಿತು. ಮರಳಿ ಪಡೆಯಲು ಐದು ವರ್ಷ ದಾಟುತ್ತದೆ. ಐದು ವರ್ಷ ಕಾದರೆ ಎಂಟು ವರ್ಷವಾಗುತ್ತದೆ. ಗಮನಿಸಿರಿ, ಇಲ್ಲಿ ಪದವಿ ಬದಲಾಗಿಲ್ಲ, ವಿಷಯಗಳು ಬದಲಾಗಿಲ್ಲ, ಸಂಬಳವೂ ಬದಲಾಗಿಲ್ಲ. ಬದಲಾದದ್ದು ಕಾಯುವ ಅವಧಿ ಮಾತ್ರ. ವಸ್ತುತಃ ಸಾಮಾನ್ಯ ಪದವಿಯ ಆರ್ಥಿಕ ಮೌಲ್ಯವನ್ನು ನಿರ್ಧರಿಸುವುದು ಅದರ ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಈ ಕಾಯುವಿಕೆ.

ಇದು ಕೇವಲ ನಮ್ಮ ಊಹೆಯಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2023ರಲ್ಲಿ ಪ್ರಕಟಿಸಿದ ಭಾರತದ ದುಡಿಮೆಯ ಸ್ಥಿತಿಗತಿಯ ವರದಿಯು, 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗದ ಪ್ರಮಾಣ ಶೇ. 42ರಷ್ಟಿದೆಯೆಂದು ಹೇಳಿತು. ಅದೇ ವರದಿಯ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬರಲಿಲ್ಲ. 35 ವರ್ಷ ದಾಟಿದ ಪದವೀಧರರಲ್ಲಿ ಈ ಪ್ರಮಾಣ ಶೇ. 5ಕ್ಕಿಂತಲೂ ಕಡಿಮೆ! ಅಂದರೆ ಪದವೀಧರರು ಕೊನೆಗೆ ಒಂದಲ್ಲ ಒಂದು ಕೆಲಸದಲ್ಲಿ ನೆಲೆಗೊಳ್ಳುತ್ತಾರೆ, ಆದರೆ ತಡವಾಗಿ. ಆ ನಡುವಿನ ವರ್ಷಗಳನ್ನು ತಡೆದುಕೊಳ್ಳುವ ಶಕ್ತಿ ಯಾರಿಗಿದೆ? ಹೊಲವಿದ್ದವರಿಗಿದೆ, ಸರಕಾರಿ ಸಂಬಳ ಬರುವ ಮನೆಯವರಿಗಿದೆ. ದುಡಿದ ದಿನವಷ್ಟೇ ಉಣ್ಣುವ ಮನೆಗೆ ಆ ಶಕ್ತಿಯಿಲ್ಲ. ಒಂದೇ ಪದವಿ, ಒಂದೇ ತರಗತಿ, ಒಂದೇ ಅಂಕ. ಹಾಗಿದ್ದೂ ಒಬ್ಬನ ಪದವಿ ಫಲ ಕೊಡುತ್ತದೆ, ಇನ್ನೊಬ್ಬನದ್ದು ಅವನು ಹೊಟ್ಟೆಪಾಡಿಗಾಗಿ ಪುಣೆಯ ಬಸ್ಸು ಹತ್ತುವುದರೊಂದಿಗೆ ಮುಗಿಯುತ್ತದೆ. 2006ರಲ್ಲಿ ಸಾಚಾರ್ ಸಮಿತಿಯು ಪದವೀಧರರ ನಿರುದ್ಯೋಗ ಮುಸ್ಲಿಮರಲ್ಲಿ ಇತರರಿಗಿಂತ ಅಧಿಕವೆಂದು ದಾಖಲಿಸಿತ್ತು. ಓದಿಸಿದರೂ ಪ್ರಯೋಜನವಿಲ್ಲವೆಂಬ ಭಾವನೆ ನಮ್ಮ ಮೊಹಲ್ಲಾಗಳಲ್ಲಿ ಬೇರೂರಿರುವುದು ಶೂನ್ಯದಿಂದಲ್ಲ.

ಕಾಯುವಿಕೆಯನ್ನು ವ್ಯವಸ್ಥೆಯೇ ಹೇಗೆ ಲಂಬಿಸುತ್ತದೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಯಾವುದೇ ಪದವಿ ಪಡೆದವರು ಬರೆಯಬಹುದಾದ ಪರೀಕ್ಷೆಗಳಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಪರೀಕ್ಷೆಯೂ ಒಂದು. 545 ಹುದ್ದೆಗಳಿಗಾಗಿ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಕಲಬುರಗಿ ನಗರದ ಒಂದು ಪರೀಕ್ಷಾ ಕೇಂದ್ರದಿಂದ ಆರಂಭವಾದ ತನಿಖೆ ರಾಜ್ಯವ್ಯಾಪಿ ಹಗರಣವನ್ನು ಬಯಲಿಗೆಳೆಯಿತು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ! ಪ್ರಾಮಾಣಿಕವಾಗಿ ಓದಿ ಬರೆದವನ ಎರಡು ವರ್ಷಗಳನ್ನು ಅಕ್ರಮವೆಸಗಿದವರು ಕದ್ದರು. ಹಣ ಕೊಟ್ಟವರು, ಪಡೆದವರು ಎಂಬ ವಿವರಗಳು ನ್ಯಾಯಾಲಯದ ಕಡತದಲ್ಲಿ ದಾಖಲಾಗುತ್ತವೆ. ಆದರೆ ಬಡ ಅಭ್ಯರ್ಥಿಯ ಕಳೆದುಹೋದ ಎರಡು ವರ್ಷಗಳ ಕೂಲಿ ಯಾವ ಕಡತದಲ್ಲಿದೆ?

ಜೋಡಣೆಗೆ ಕೊಂಡಿ ಬೇಕು

ಹಾಗಾದರೆ ಈ ಪದವಿ ವ್ಯರ್ಥವೇ? ಖಂಡಿತ ಅಲ್ಲ. ಹಲವು ಶಾಸ್ತ್ರಗಳ ಅರಿವು ಒಬ್ಬನಲ್ಲಿ ಕೂಡಿದಾಗ ಅದಕ್ಕೆ ಬೆಲೆ ಬರುವ ಸ್ಥಳಗಳು ನಮ್ಮ ಸುತ್ತಲೇ ಇವೆ. ಒಂದನ್ನು ಮಾತ್ರ ಹೇಳೋಣ. 1948ರವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದುವಾಗಿತ್ತು. ಹಳೆಯ ಜಮೀನಿನ ದಾಖಲೆಗಳು, ಇನಾಮು ಪತ್ರಗಳು, ವಕ್ಫ್ ಕಾಗದಗಳು ಆ ಭಾಷೆಯಲ್ಲಿವೆ. ಇಂದಿನ ಕಂದಾಯ ಕಚೇರಿಯ ಮತ್ತು ತಾಲೂಕು ನ್ಯಾಯಾಲಯದ ವ್ಯವಹಾರವೋ ಕನ್ನಡದಲ್ಲಿ. ಉರ್ದು ಬಲ್ಲ ನಮ್ಮ ಹುಡುಗನಿಗೆ ಕನ್ನಡದ ಕಾನೂನು ಪದಗಳು ತಿಳಿಯವು. ಕನ್ನಡ ಬಲ್ಲ ವಕೀಲನಿಗೆ ಉರ್ದು ಲಿಪಿ ತಿಳಿಯದು. ಉರ್ದು, ಇತಿಹಾಸ, ರಾಜ್ಯಶಾಸ್ತ್ರ ಓದಿ, ಕನ್ನಡವನ್ನು ಗಟ್ಟಿ ಮಾಡಿಕೊಂಡು, ಬಳಿಕ ಮೂರು ವರ್ಷದ ಕಾನೂನು ಪದವಿ ಪಡೆದವನಿಗೆ ಆಳಂದದಲ್ಲೂ ಅಫಜಲಪುರದಲ್ಲೂ ಕೆಲಸಕ್ಕೆ ಬರವಿರದು. ಅಂತರಶಿಸ್ತೀಯ ಅಧ್ಯಯನದ ನಿಜವಾದ ಅರ್ಥವೂ ಇದೇ. ಎರಡು ಕಡೆಯವರಿಗೂ ತಿಳಿಯದ ಒಂದನ್ನು ಎರಡೂ ಕಡೆಯನ್ನು ಬಲ್ಲವನು ಬಿಡಿಸಿ ಹೇಳುತ್ತಾನೆ. ಅದಕ್ಕೆ ಜನ ಹಣ ಕೊಡುತ್ತಾರೆ.

ಆದರೆ ಕೊಂಡಿಯಿಲ್ಲದ ಬೆರಕೆಗೆ ಯಾರೂ ಹಣ ಕೊಡುವುದಿಲ್ಲ. ದುರಂತವೆಂದರೆ ನಮ್ಮಲ್ಲಿ ಬಹುತೇಕರು ವಿಷಯಗಳನ್ನು ಆರಿಸುವುದು ಮುಂದಿನ ಹೆಜ್ಜೆಯನ್ನು ನೋಡಿ ಅಲ್ಲ. ಗೆಳೆಯ ಯಾವುದನ್ನು ಆರಿಸಿದ, ಯಾವುದರಲ್ಲಿ ಪಾಸಾಗುವುದು ಸುಲಭ ಎಂಬುದನ್ನು ನೋಡಿ. ಬಿ.ಎಡ್. ಪ್ರವೇಶಕ್ಕೂ ಶಿಕ್ಷಕರ ನೇಮಕಾತಿಗೂ ಪದವಿಯಲ್ಲಿ ಯಾವ ವಿಷಯಗಳನ್ನು ಓದಿದ್ದೀರಿ ಎಂಬುದು ಮುಖ್ಯವಾಗುತ್ತದೆ. ಶಿಕ್ಷಕನಾಗಬಯಸುವವನು ಇದನ್ನು ಮೊದಲ ಸೆಮಿಸ್ಟರಿಗೆ ಮುನ್ನ ತಿಳಿಯಬೇಕು. ಬಿ.ಎಡ್. 2015ರಿಂದ ಎರಡು ವರ್ಷಗಳ ಶಿಕ್ಷಣವಾಗಿದೆ. ಅದರ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಇದೆ. ಆದುದರಿಂದ ಶಿಕ್ಷಕನಾಗುವವನ ಲೆಕ್ಕ ಮೂರು ವರ್ಷದ್ದಲ್ಲ, ಕನಿಷ್ಠ ಐದು ವರ್ಷದ್ದು. ಇದನ್ನು ಮೊದಲೇ ಹೇಳಿದರೆ ಮನೆಯವರು ಸಿದ್ಧರಾಗುತ್ತಾರೆ. ಮೂರನೇ ವರ್ಷದ ಕೊನೆಗೆ ಹೇಳಿದರೆ ಕೈಚೆಲ್ಲುತ್ತಾರೆ.

ಬಾಗಿಲಲ್ಲೇ ಇರುವ ಅವಕಾಶಗಳ ಕುರಿತೂ ನಮಗಿರುವ ಉದಾಸೀನ ಖೇದಕರ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಗಿ ಆಳಂದ ತಾಲೂಕಿನ ಕಡಗಂಚಿಯಲ್ಲೇ ನಿಂತಿದೆ. ದೇಶದ ಮೂಲೆಮೂಲೆಯ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ನಡೆಯುತ್ತಿರುವ ಸಾಮಾನ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಆಳಂದದ ಎಷ್ಟು ಮನೆಗಳಿಗೆ ಇದು ಗೊತ್ತು? ಆ ಆವರಣದ ಮುಂದಿನಿಂದ ದಿನವೂ ಬಸ್ಸಿನಲ್ಲಿ ಹಾದುಹೋಗುವವರು ಒಮ್ಮೆ ಇಳಿದು ವಿಚಾರಿಸಿದ್ದೇವೆಯೇ?

ಸಂವಿಧಾನದ 371(ಜೆ) ವಿಧಿಯ ಮಾತೂ ಹೀಗೆಯೇ. 2012ರಲ್ಲಿ ಅಂಗೀಕೃತವಾದ 98ನೇ ತಿದ್ದುಪಡಿಯ ಫಲವಾಗಿ ಈ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ‘ಸಿ’ ದರ್ಜೆಗೆ ಶೇ. 80, ‘ಬಿ’ ದರ್ಜೆಗೆ ಶೇ. 75ರಷ್ಟು ಸ್ಥಳೀಯರಿಗೆ ಮೀಸಲಿವೆ. ಇವುಗಳಲ್ಲಿ ಅನೇಕ ಹುದ್ದೆಗಳಿಗೆ ಯಾವುದೇ ಪದವಿ ಸಾಕು. ಪ್ರವರ್ಗ 2ಬಿಯ ಶೇ. 4ರ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ರದ್ದುಪಡಿಸಿದ ಆದೇಶವೂ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದ್ದರಿಂದ ಜಾರಿಗೆ ಬರಲಿಲ್ಲ. ಬೀದಿಯಲ್ಲಿ ನಿಂತು ಹಕ್ಕುಗಳ ಬಗ್ಗೆ ಘೋಷಣೆ ಕೂಗುವ ನಾವು, ಆ ಹಕ್ಕನ್ನು ಕೈಗೆ ತರುವ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಸಕಾಲದಲ್ಲಿ ಪಡೆಯಲು ಮರೆಯುತ್ತೇವೆ!

ಮಗಳ ಲೆಕ್ಕವೆಲ್ಲಿ?

ಇನ್ನು ಹೆಣ್ಣುಮಕ್ಕಳ ಪದವಿಯ ಬಗ್ಗೆ ನೇರವಾಗಿ ಹೇಳಬೇಕಾದ ಮಾತಿದೆ. ಮಗನ ಪದವಿಗೆ ಲೆಕ್ಕ ಕೇಳುವ ತಂದೆ ಮಗಳ ಪದವಿಗೆ ಕೇಳುವುದಿಲ್ಲ. ಇದು ಔದಾರ್ಯವಲ್ಲ. ಅವಳ ಪದವಿಯಿಂದ ಸಂಪಾದನೆಯ ನಿರೀಕ್ಷೆಯೇ ಅವನಿಗಿಲ್ಲ. “ಸಂಬಂಧ ಕೂಡಿ ಬರುವವರೆಗೆ ಓದಲಿ” ಎಂಬ ಒಂದು ವಾಕ್ಯದಲ್ಲಿ ಮೂರು ವರ್ಷಗಳ ಶ್ರಮಕ್ಕೆ ಬೆಲೆ ಕಟ್ಟಲಾಗುತ್ತದೆ. ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ನಿಕಾಹ್ ನಿಗದಿಯಾಗುತ್ತದೆ. ಬಿ.ಎಡ್.ಗೆ ಎರಡು ವರ್ಷ ಹೆಚ್ಚಾಯಿತೆನ್ನುತ್ತೇವೆ. ಪರೀಕ್ಷಾ ಕೇಂದ್ರ ಕಲಬುರಗಿಯಲ್ಲಿದ್ದರೆ ದೂರವಾಯಿತೆನ್ನುತ್ತೇವೆ. ಆಳಂದದಿಂದ ಕಲಬುರಗಿಗೆ ಸುಮಾರು 40 ಕಿ.ಮೀ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಬಳಿಕ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಹಣದ ನೆಪವೂ ಇಲ್ಲ.

ನಮ್ಮ ಮೊದಲಿನ ಲೆಕ್ಕವನ್ನೇ ಇಲ್ಲಿಗೂ ಹಚ್ಚಿ ನೋಡಿರಿ. ಪದವಿಯ ಫಲ ತಡವಾಗಿ ಬರುತ್ತದೆಯಷ್ಟೆ. ಮರದ ನೆರಳು ಬೀಳುವ ಮೊದಲೇ ನೀರು ನಿಲ್ಲಿಸಿ, ಬಳಿಕ “ಹೆಣ್ಣುಮಕ್ಕಳನ್ನು ಓದಿಸಿ ಏನು ಸಿಕ್ಕಿತು” ಎಂದು ಕೇಳುವುದು ಯಾವ ನ್ಯಾಯ? ಮದುವೆಯ ಒಂದು ದಿನದ ಊಟಕ್ಕೆ, ವರನ ಕಡೆಯವರ ಬೇಡಿಕೆಗೆ ಲಕ್ಷಗಟ್ಟಲೆ ಸಾಲ ಮಾಡುವವರು, ಆ ಹಣದ ಸಣ್ಣ ಪಾಲಿನಲ್ಲಿ ಮುಗಿಯುವ ಬಿ.ಎಡ್. ಅನ್ನು ದುಬಾರಿಯೆಂದು ಬಗೆಯುವುದು ಆತ್ಮವಂಚನೆ. ನಾಳೆ ಗಂಡನ ದುಡಿಮೆ ನಿಂತರೆ, ಅವನು ಕಾಯಿಲೆ ಬಿದ್ದರೆ, ಅವಳ ಕೈಯಲ್ಲಿ ಉಳಿಯುವುದು ಆ ವಿದ್ಯೆಯೇ ಹೊರತು ಊಟದ ಪಟ್ಟಿಯಲ್ಲ.

ಹೊಣೆ ಯಾರದು?

ಸರಕಾರಕ್ಕೆ ಕಾಯುವಿಕೆಯ ಕಷ್ಟ ತಿಳಿದಿಲ್ಲವೆಂದಲ್ಲ. 2024ರ ಜನವರಿಯಲ್ಲಿ ಪಾವತಿ ಆರಂಭವಾದ ಯುವನಿಧಿ ಯೋಜನೆಯು ಉದ್ಯೋಗ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ನೀಡುವ ವ್ಯವಸ್ಥೆಯಾಗಿದೆ. ಒಟ್ಟು 72,000 ರೂಪಾಯಿ. ಇದು ಸ್ವಾಗತಾರ್ಹ. ಆದರೆ ಉನ್ನತ ಶಿಕ್ಷಣ ಮುಂದುವರಿಸುವವರಿಗೆ ಇದು ಸಿಗದು. ಸುಮ್ಮನೆ ಕಾಯುವವನಿಗೆ ಹಣ, ಕಾಯುವ ಕಾಲದಲ್ಲಿ ಬಿ.ಎಡ್. ಓದುವವನಿಗೆ ಇಲ್ಲ! ಕೇಂದ್ರ ಸರಕಾರವೋ ಸಂಶೋಧನೆಗೆ ಹೋಗುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸಿಬಿಟ್ಟಿತು. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಸುಮಾರು 21 ಲಕ್ಷವಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2020-21ರಲ್ಲಿ 19.21 ಲಕ್ಷಕ್ಕೆ ಕುಸಿದಿತ್ತು. ಕುಸಿತ ಕಂಡಾಗ ಆಸರೆಯನ್ನು ಹೆಚ್ಚಿಸಬೇಕಾದವರು ಇದ್ದ ಆಸರೆಯನ್ನೇ ಕಿತ್ತರು.

ಆದರೆ ಸರಕಾರವನ್ನು ಟೀಕಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಫಲಿತಾಂಶದ ದಿನ ರ‍್ಯಾಂಕ್ ಪಡೆದವನಿಗೆ ಶಾಲು ಹೊದಿಸಿ ಬ್ಯಾನರ್ ಕಟ್ಟುವ ಸಂಘಟನೆಗಳು ನಮ್ಮಲ್ಲಿ ಸಾಕಷ್ಟಿವೆ. ಪದವಿ ಮುಗಿಸಿ ಪರೀಕ್ಷೆಗೆ ಓದುತ್ತಿರುವ ಸಾಧಾರಣ ಹುಡುಗನ ಒಂದು ವರ್ಷದ ಹೊಣೆ ಹೊತ್ತ ಜಮಾಅತ್‌ಗಳೆಷ್ಟು? ಒಂದು ಓದುಕೋಣೆ, ದಿನಪತ್ರಿಕೆಗಳು, ತಿಂಗಳಿಗಿಷ್ಟೆಂದು ಸಹಾಯಧನ, ಅರ್ಜಿ ತುಂಬಿಕೊಡುವ ಒಬ್ಬ ತಿಳಿದವನು: ಇದಕ್ಕೆ ಕೋಟಿಗಳು ಬೇಕಿಲ್ಲ. ನಮ್ಮ ನೆರೆಯ ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಮದ್ರಸ ಕಟ್ಟಿಸಿದಾಗ ತರಗತಿಗಳ ಜೊತೆಗೆ ಗ್ರಂಥಾಲಯವನ್ನೂ ವಿದ್ಯಾರ್ಥಿಗಳಿಗೆ ವಸತಿಯನ್ನೂ ಒಂದೇ ಆವರಣದಲ್ಲಿ ಒದಗಿಸಿದ್ದ. ಕಲಿಯುವವನಿಗೆ ಪಾಠದಷ್ಟೇ ಸೂರೂ ಅಗತ್ಯವೆಂಬುದು ಅವನಿಗೆ ತಿಳಿದಿತ್ತು. ಐದೂವರೆ ಶತಮಾನಗಳ ಬಳಿಕ ನಾವು ಆ ಗೋಡೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ, ಪಾಠ ಕಲಿಯುವುದಿಲ್ಲ.

“ವಿದ್ಯೆಯನ್ನು ಹಣದಿಂದ ಅಳೆಯಬಾರದು” ಎಂದು ಕೆಲವರು ನಮಗೆ ಬುದ್ಧಿ ಹೇಳಬಹುದು. ಈ ಮಾತನ್ನು ನಾವು ಗೌರವಿಸುತ್ತೇವೆ. ವಿದ್ಯೆಯ ಮೌಲ್ಯ ಹಣಕ್ಕಿಂತ ಮಿಗಿಲು. ಆದರೆ ಹಣದ ಲೆಕ್ಕವನ್ನು ಮುಚ್ಚಿಟ್ಟರೆ ಬಡವನ ಮಗ ವಿದ್ಯೆಯ ಆ ಉನ್ನತ ಮೌಲ್ಯವನ್ನೂ ಕಾಣದೆ ನಡುದಾರಿಯಲ್ಲೇ ಹಿಂದಿರುಗುತ್ತಾನೆ. ಲೆಕ್ಕ ಮಾಡುವುದು ವಿದ್ಯೆಗೆ ಅವಮಾನವಲ್ಲ. ವಿದ್ಯೆ ಕೈತಪ್ಪದಂತೆ ಮಾಡುವ ಎಚ್ಚರಿಕೆ.

ಆದುದರಿಂದ ಈ ವರ್ಷ ಕಾಲೇಜಿಗೆ ಹೋಗುವ ತಂದೆತಾಯಿಯರಲ್ಲಿ ನಮ್ಮ ವಿನಂತಿಯಿಷ್ಟೆ. ಪ್ರಾಂಶುಪಾಲರನ್ನು ಕೇಳಿರಿ: ಈ ಮೂರು ವಿಷಯಗಳಿಂದ ಮುಂದೆ ಯಾವ ಯಾವ ದಾರಿಗಳು ತೆರೆದಿವೆ, ಯಾವುವು ಮುಚ್ಚುತ್ತವೆ? ಮೂರು ವರ್ಷಗಳ ಹಿಂದೆ ಇದೇ ವಿಷಯಗಳನ್ನು ಓದಿದವರು ಇಂದು ಎಲ್ಲಿದ್ದಾರೆ? ಮನೆಯಲ್ಲಿ ಕುಳಿತು ನಿಮ್ಮನ್ನೇ ಕೇಳಿಕೊಳ್ಳಿರಿ: ಪದವಿಯ ಬಳಿಕ ಎಷ್ಟು ವರ್ಷ ನಾವು ತಡೆದುಕೊಳ್ಳಬಲ್ಲೆವು? ಆ ಅವಧಿಯಲ್ಲಿ ಅರ್ಧ ದಿನದ ದುಡಿಮೆ, ಅರ್ಧ ದಿನದ ಓದು ಸಾಧ್ಯವೇ? ಮಗಳಿಗೂ ಅಷ್ಟೇ ವರ್ಷಗಳನ್ನು ಕೊಡುತ್ತೇವೆಯೇ? ಉತ್ತರ ಸಿಕ್ಕರೆ ಧೈರ್ಯವಾಗಿ ಸೇರಿಸಿರಿ. ಉತ್ತರ ಸಿಗದಿದ್ದರೆ ಹುಡುಕಿರಿ, ಆದರೆ ಮಕ್ಕಳನ್ನು ಹಿಂದಕ್ಕೆ ಕರೆಯಬೇಡಿರಿ. ನಮ್ಮ ಮಕ್ಕಳು ಪದವಿಯ ಬಾಗಿಲವರೆಗೆ ಬಂದಿದ್ದಾರೆ. ಇನ್ನೆರಡು ವರ್ಷ ಅವರ ಜೊತೆ ನಿಲ್ಲುವುದು ಮನೆಯ ಹೊಣೆ ಮಾತ್ರವಲ್ಲ, ಇಡೀ ಮೊಹಲ್ಲಾದ ಹೊಣೆ.